ಬಿಲ್ಲೆಯ ತಳದ ಏಳು ಕೋಶಗಳು

ಆ ಯಂತ್ರಕ್ಕೆ ‘ನಿರ್ಣಾಯಕ’ ಎಂದು ಹೆಸರಿಟ್ಟವರು ಯಾರೋ, ಇಂದುಮತಿ ಬಡಿಗೇರ ಮಾತ್ರ ಅದನ್ನು ಒಮ್ಮೆಯೂ ಆ ಹೆಸರಿನಿಂದ ಕರೆದವಳಲ್ಲ. ‘ಆ ಡಬ್ಬಿ’ ಎನ್ನುತ್ತಿದ್ದಳು. ಮಂತ್ರಿಗಳು ಬಂದಾಗ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು, ಹೊರದೇಶದವರು ಬಂದಾಗ ಅದರ ಮುಂದೆ ತಲೆದೂಗುತ್ತಿದ್ದರು. ಅವರೆಲ್ಲ ಹೋದ ಮೇಲೆ ಅವರ ಬೆರಳಿನ ಗುರುತುಗಳನ್ನು ಅದರ ಗಾಜಿನಿಂದ ಒರೆಸುವವಳು ಇಂದುಮತಿ.

ಧಾರವಾಡದ ಹೊರವಲಯದ ಪಡಿಯಚ್ಚು ಕೇಂದ್ರದಲ್ಲಿ ಅವಳದು ಇಪ್ಪತ್ತೇಳು ವರ್ಷದ ನೌಕರಿ. ಜೀವಕೋಶಗಳಿಗೆ ಉಣಿಸುವ ಕೆಲಸ. ಕೇಂದ್ರದ ಪದ್ಧತಿ ಹೀಗಿತ್ತು: ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಆದ ಗಂಡಸಿನ ಗೆಡ್ಡೆಯಿಂದ ಸಾಸಿವೆಯಷ್ಟು ಚೂರು ಆಸ್ಪತ್ರೆಯಿಂದ ಬರುತ್ತದೆ. ಅದನ್ನು ನಾಣ್ಯದಗಲದ ಗಾಜಿನ ಬಿಲ್ಲೆಯಲ್ಲಿ, ಗಂಜಿಯಂಥ ಲೋಳೆಯೊಳಗಿಟ್ಟು ಬೆಳೆಸುತ್ತಾರೆ. ಕೆಲವೇ ವಾರದಲ್ಲಿ ಆ ಮನುಷ್ಯನ ಗೆಡ್ಡೆಯ ಪಡಿಯಚ್ಚು ಬಿಲ್ಲೆಯಲ್ಲಿ ತಯಾರು. ಔಷಧವನ್ನು ಮೊದಲು ಬಿಲ್ಲೆಯ ಮೇಲೆ ಪ್ರಯೋಗಿಸುತ್ತಾರೆ, ಅಲ್ಲಿ ಕೆಲಸ ಮಾಡಿದ್ದನ್ನೇ ಆಮೇಲೆ ಮನುಷ್ಯನಿಗೆ ಕೊಡುತ್ತಾರೆ. ಬಿಲ್ಲೆಗೆ ಔಷಧ ಹಾಕಿದ ಇಪ್ಪತ್ತೊಂದನೆಯ ದಿನ ನಿರ್ಣಾಯಕ ಅದರ ಫೋಟೊ ತೆಗೆದು ಬದುಕಿದ ಕೋಶಗಳನ್ನು ಎಣಿಸುತ್ತದೆ. ಸಾವಿರಕ್ಕೆ ಐದಕ್ಕಿಂತ ಕಡಿಮೆ ಉಳಿದಿದ್ದರೆ ಅದು ಕಸ, ಲೆಕ್ಕಕ್ಕಿಲ್ಲ ಎಂದು ಅದಕ್ಕೆ ಕಲಿಸಿದ್ದರು. ಆಗ ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ‘ಶೂನ್ಯ’ ಎಂದು ಮೂಡುತ್ತದೆ. ಆ ಮನುಷ್ಯ ಆರು ತಿಂಗಳು ಔಷಧ ತೆಗೆದುಕೊಂಡು ನಿಲ್ಲಿಸಬಹುದು. ಬಿಲ್ಲೆ ಆಸಿಡ್ ತೊಟ್ಟಿಗೆ ಹೋಗುತ್ತದೆ.

ತೊಟ್ಟಿಗೆ ಹಾಕುವ ಮುನ್ನ ಇಂದುಮತಿ ಪ್ರತಿ ಬಿಲ್ಲೆಯನ್ನೂ ಹಳೆಯ ಮೈಕ್ರೋಸ್ಕೋಪಿನಡಿ ಒಮ್ಮೆ ನೋಡುತ್ತಿದ್ದಳು. ಯಾರೂ ಹೇಳಿದ ಕೆಲಸವಲ್ಲ, ಅವಳ ಅಭ್ಯಾಸ. ಬಿಲ್ಲೆಯ ತಳದಲ್ಲಿ ಸತ್ತ ಕೋಶಗಳ ಹೊಟ್ಟಿನ ನಡುವೆ ನಾಲ್ಕೋ ಆರೋ ದುಂಡನೆಯ ಸಣ್ಣ ಕೋಶಗಳು ಯಾವಾಗಲೂ ಇರುತ್ತಿದ್ದವು. ಬೆಳೆಯುತ್ತಿರಲಿಲ್ಲ, ಸಾಯುತ್ತಲೂ ಇರಲಿಲ್ಲ. ಅವಳು ಅವಕ್ಕೆ ‘ಕುಂತವು’ ಎಂದು ಹೆಸರಿಟ್ಟಿದ್ದಳು. ಮೂರು ವರ್ಷದಲ್ಲಿ ಮೂವರು ವಿಜ್ಞಾನಿಗಳಿಗೆ ತೋರಿಸಿದ್ದಳು. ಒಬ್ಬ ಹಣಕಿಯೂ ನೋಡಲಿಲ್ಲ. ಇನ್ನೊಬ್ಬ, “ಇಂದಕ್ಕಾ, ಕನ್ನಡಕದ ನಂಬರ್ ಬದಲಾಗಿರಬೇಕು ನೋಡ್ರಿ” ಎಂದು ನಕ್ಕ. ಮೂರನೆಯವರು ನಿರ್ದೇಶಕರಾದ ಡಾ. ಸಮೀರಣ ನಾಡಗೌಡರು. ಅವರು ಫೋನಿನಿಂದ ತಲೆಯೆತ್ತದೆ “ಕಸ” ಎಂದಿದ್ದರು. ಕಸ ಎನ್ನುವುದಕ್ಕಾದರೂ ಅತ್ತ ನೋಡಬೇಕಲ್ಲ ಎಂದು ಇಂದುಮತಿ ಮನಸ್ಸಿನಲ್ಲೇ ಉಗಿದಿದ್ದಳು.

ಆ ಮಂಗಳವಾರ ಅವಳ ಕೈಗೆ ಬಂದ ಬಿಲ್ಲೆಯ ನಂಬರು 4502. ನಂಬರಿನ ಹಿಂದೆ ಯಾರಿದ್ದಾರೆಂದು ಕೇಂದ್ರದಲ್ಲಿ ಯಾರಿಗೂ ಹೇಳುವುದಿಲ್ಲ. ಆದರೆ ಇದು ಯಾರದೆಂದು ಇಂದುಮತಿಗೆ ಗೊತ್ತಿತ್ತು. ಈ ಚೂರು ತೆಗೆದ ದಿನ ಆಸ್ಪತ್ರೆಯಿಂದ ಬಂದದ್ದು ಇದೊಂದೇ, ಆ ದಿನ ಆಸ್ಪತ್ರೆಯ ಬಾಗಿಲಲ್ಲಿ ಚಪ್ಪಲಿ ಕಾಯುತ್ತ ಕೂತಿದ್ದವಳೂ ಅವಳೇ. ಅದು ಅವಳ ಗಂಡ ಮೌನೇಶನ ಗೆಡ್ಡೆ.

ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ಶೂನ್ಯ. ಅವಳು ಬಿಲ್ಲೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಎಣಿಸಿದಳು. ಏಳು.

ತೊಟ್ಟಿಯ ಮುಂದೆ ನಿಂತಳು, ಮುಚ್ಚಳ ತೆಗೆದಳು, ಮತ್ತೆ ಮುಚ್ಚಿದಳು. ಆಮೇಲೆ ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಇನ್‌ಕ್ಯುಬೇಟರ್ ಒರೆಸಿ, ವೈರು ಚುಚ್ಚಿ, ಬಿಲ್ಲೆಯನ್ನು ಅದರೊಳಗಿಟ್ಟಳು.

ಮನೆಗೆ ಬಂದರೆ ಅಲ್ಲಿ ಹಬ್ಬ. ಕೇಂದ್ರದಿಂದ ಪ್ರಮಾಣಪತ್ರ ಫೋನಿಗೆ ಬಂದಿತ್ತು. ಮೌನೇಶ ಅದನ್ನು ಅಚ್ಚು ಹಾಕಿಸಿ, ಸಾಗವಾನಿಯ ಚೌಕಟ್ಟು ಕೂಡಿಸಿ, ಮಾಳಮಡ್ಡಿಯ ಆ ಸಣ್ಣ ಮನೆಯ ನಡುಗೋಡೆಗೆ ಮೊಳೆ ಹೊಡೆಯುತ್ತಿದ್ದ. ನಲವತ್ತು ವರ್ಷ ಬಾಗಿಲು, ಕಿಟಕಿ, ಮಂಚ ಮಾಡಿದ ಕೈ. ಚೌಕಟ್ಟಿನ ಮೂಲೆಗಳು ಕೂದಲೆಳೆ ಹೋಗದಂತೆ ಕೂಡಿದ್ದವು. ಅಕ್ಕಪಕ್ಕದವರು ಗಿರ್ಮಿಟ್ಟು ತಿನ್ನುತ್ತ ಕೂತಿದ್ದರು. ‘ಶೂನ್ಯ ಬಳಗ’ದಿಂದಲೂ ನಾಲ್ಕು ಮಂದಿ ಬಂದಿದ್ದರು. ಶೂನ್ಯ ಎಂದು ಬರೆಸಿಕೊಂಡ ಗಂಡಸರು ಕಟ್ಟಿಕೊಂಡ ಬಳಗ ಅದು. ರವಿವಾರಕ್ಕೊಮ್ಮೆ ಉದ್ಯಾನದಲ್ಲಿ ಸೇರಿ ಒಬ್ಬರಿಗೊಬ್ಬರು ಶಾಲು ಹೊದಿಸಿಕೊಳ್ಳುವುದು ಅದರ ಮುಖ್ಯ ಕಾರ್ಯಕ್ರಮ. ಎದೆಯ ಮೇಲೆ ಸೊನ್ನೆಯ ಬಿಲ್ಲೆ ಸಿಕ್ಕಿಸಿಕೊಂಡು ಎದೆ ಸೆಟೆಸಿ ಕೂತ ಆ ಮುದುಕರನ್ನು ಕಂಡು ಇಂದುಮತಿಗೆ ಮೈ ಉರಿಯಿತು.

ಎಲ್ಲರೂ ಹೋದ ಮೇಲೆ ಅವಳು ಹೇಳಿದಳು. “ಏಳು ಉಳದಾವ್ರಿ. ನಾನ ಎಣಿಸೇನಿ.”

“ಎಷ್ಟರಾಗ?”

“ಲಕ್ಷದ ಮ್ಯಾಲೆ ಇದ್ದೂ.”

ಮೌನೇಶ ಗಹಗಹಿಸಿ ನಕ್ಕ. “ಲಕ್ಷದಾಗ ಏಳಂತ! ಅಷ್ಟ ದೊಡ್ಡ ಯಂತ್ರಕ್ಕ ಕಾಣಲಾರದ್ದು ನಿನಗ ಕಂಡತೇನ? ಬಿಲ್ಲಿ ತೊಳಿಯೋದು ನಿನ್ನ ಕೆಲಸ. ತೊಳಿ.”

ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳ ಕೆಲಸವೇನೆಂದು ಅವನು ಒಮ್ಮೆಯೂ ಕೇಳಿದವನಲ್ಲ. ಬಿಲ್ಲೆ ತೊಳೆಯುವುದೆಂದು ತಾನೇ ತೀರ್ಮಾನಿಸಿದ್ದ. ಇಂದುಮತಿ ಚೌಕಟ್ಟನ್ನೂ ಅವನನ್ನೂ ಒಂದು ಸಲ ನೋಡಿದಳು. ಎರಡರೊಳಗೂ ಒಂದೇ ಕಾಗದ ಇದ್ದಂತೆ ಕಂಡಿತು. ರೊಟ್ಟಿ ಬಡಿಯಲು ಒಳಗೆ ಹೋದಳು.

ಪ್ರತಿ ಮೂರನೆಯ ದಿನ ಅವಳು ಉಗ್ರಾಣಕ್ಕೆ ಹೋಗಿ ಆ ಏಳಕ್ಕೆ ಉಣಿಸಿದಳು. ಔಷಧ ಹಾಕಲಿಲ್ಲ. ಮೂವತ್ತೆಂಟನೆಯ ದಿನ ಏಳರಲ್ಲಿ ಒಂದು ಎರಡಾಗಿತ್ತು. ನಲವತ್ತೈದನೆಯ ದಿನಕ್ಕೆ ಕುಂತವುಗಳ ಸುತ್ತ ಸಣ್ಣ ಗೊಂಚಲು. ಅವಳು ಮತ್ತೆ ಅದೇ ಔಷಧ ಹಾಕಿ ನೋಡಿದಳು. ಗೊಂಚಲು ಜಗ್ಗಲಿಲ್ಲ.

“ಇಂದಕ್ಕಾ, ಏನು ಮಾಡ್ತಿದ್ದೀರಿ ಇಲ್ಲಿ?”

ಬಾಗಿಲಲ್ಲಿ ಡಾ. ತಸ್ನೀಮ್ ಸವಣೂರ ನಿಂತಿದ್ದಳು. ಕೇಂದ್ರಕ್ಕೆ ಸೇರಿ ಆರು ತಿಂಗಳಾಗಿದ್ದ ಹುಡುಗಿ. ಅವಳು ಪಿಪೆಟ್ ಹಿಡಿಯುವುದನ್ನು ಮೊದಲ ದಿನ ಕಂಡಾಗಲೇ, ಸಾರು ಬಡಿಸುವ ಸೌಟು ಹಿಡಿದಂತೆ ಹಿಡಿದಾಳಲ್ಲ ಎಂದು ಇಂದುಮತಿ ಅವಳ ಬೆಲೆ ಕಟ್ಟಿ ಮುಗಿಸಿದ್ದಳು. ಸುಳ್ಳು ಹೇಳುವುದಕ್ಕೂ ಈಕೆ ತಕ್ಕವಳಲ್ಲ ಎಂದುಕೊಂಡು, “ಕಸಕ್ಕ ಉಣಸಾಕತ್ತೇನ್ರಿ. ನೋಡ್ತೀರೇನು?” ಎಂದಳು.

ತಸ್ನೀಮ್ ನೋಡಿದಳು. ಅವಸರ ಮಾಡಲಿಲ್ಲ. ಹತ್ತು ನಿಮಿಷ ಕಣ್ಣು ತೆಗೆಯಲಿಲ್ಲ. ಆಮೇಲೆ ಸ್ಟೂಲು ಎಳೆದು ಕೂತು, ತನ್ನಷ್ಟಕ್ಕೆ ತಾನು ಹೇಳಿಕೊಂಡಂತೆ ಹೇಳಿದಳು.

“ಇವು ಕಾಂಡಕೋಶಗಳು ಇಂದಕ್ಕಾ. ಗೆಡ್ಡೆಯ ತಾಯಿಬೇರು ಅನ್ನಿ. ನಮ್ಮ ಔಷಧ ಗಂಡಸಿನ ಹಾರ್ಮೋನು ಕುಡಿದು ಬೆಳೆಯೋ ಕೋಶಗಳನ್ನ ಉಪವಾಸ ಕೆಡವಿ ಕೊಲ್ಲುತ್ತೆ. ಇವು ಆ ಹಾರ್ಮೋನು ಕುಡಿಯೋದೇ ಇಲ್ಲ, ಬೆಳೆಯೋದೂ ಇಲ್ಲ, ಮಲಗಿರ್ತವೆ. ಹಾಗಾಗಿ ಸಾಯಲ್ಲ. ಔಷಧ ನಿಂತ ಮೇಲೆ ಎದ್ದು ಒಡೆಯುತ್ತವೆ. ಅವುಗಳಿಂದ ಹುಟ್ಟಿದ್ದಕ್ಕೆ ಹಳೇ ಔಷಧ ನಾಟೋದಿಲ್ಲ.”

“ರಕ್ತದ ಪರೀಕ್ಷೆದಾಗ ಯಾಕ ಕಾಣಂಗಿಲ್ಲ?”

“ರಕ್ತದಲ್ಲಿ ನಾವು ಅಳೆಯೋ ಪಿಎಸ್‌ಎ ಅನ್ನೋ ಪದಾರ್ಥವನ್ನ ಇವು ತಯಾರಿಸೋದೇ ಇಲ್ಲ. ರಿಪೋರ್ಟು ಚೊಕ್ಕ ಇರುತ್ತೆ, ಬೇರು ಒಳಗೆ ಇರುತ್ತೆ.” ತಸ್ನೀಮ್ ತಲೆ ಕೊಡವಿದಳು. “ಆದರೆ ಒಂದು ಬಿಲ್ಲೆ ಸಾಕಾಗಲ್ಲ. ಹೀಗೆ ಶೂನ್ಯ ಆದವರು ಯಾರೂ ತಿರುಗಿ ಬಂದಿಲ್ಲ ಅಂತ ನಾಡಗೌಡ ಸರ್ ಹೇಳ್ತಾರೆ. ದಾಖಲೆಯಲ್ಲೂ ಇಲ್ಲ.”

“ಬಂದಾರ್ರಿ,” ಎಂದಳು ಇಂದುಮತಿ. “4418 ಯಾರಂತ ನನಗ ಗೊತ್ತಿಲ್ಲ. ಆದರ ಅವನ ಕೋಶ ನನಗ ಗುರುತ ಅದಾವ. ಶೇಂಗಾದಂಗ ನಡುವ ಸೊಂಟ ಇರೋ ಗುಂಡು. ಎರಡು ವರ್ಷದ ಹಿಂದ ಬ್ಯಾರೆ ನಂಬರಿನ್ಯಾಗ ಬಂದಿದ್ವು. ಅವತ್ತೂ ಶೂನ್ಯ ಅಂತ ಬರದಿತ್ತು ಡಬ್ಬಿ.”

ತಸ್ನೀಮ್‌ಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮುಖ ಬಿಳಿಚಿತು. ಕೇಂದ್ರ ಮನುಷ್ಯನಿಗೆ ನಂಬರು ಕೊಡುತ್ತಿರಲಿಲ್ಲ, ಚೂರಿಗೆ ಕೊಡುತ್ತಿತ್ತು. ತಿರುಗಿ ಬಂದವನು ಹೊಸ ಚೂರಿನೊಂದಿಗೆ ಹೊಸ ರೋಗಿಯಾಗುತ್ತಿದ್ದ. ಸೋತ ಬಿಲ್ಲೆಯ ಲೆಕ್ಕ ಎಲ್ಲೂ ಉಳಿಯುತ್ತಿರಲಿಲ್ಲ.

ಹಳೆಯ ಚೂರುಗಳ ಮಾದರಿ ಶೀತಕದಲ್ಲಿ ಇರುತ್ತಿತ್ತು. ತಸ್ನೀಮ್ ಎರಡರ ಡಿಎನ್‌ಎ ಹೋಲಿಸಿದಳು. ಒಬ್ಬನೇ ಮನುಷ್ಯ. ಇಂದುಮತಿ ತನಗೆ ಗುರುತಿದ್ದ ಇನ್ನೂ ಎಂಟು ಜೋಡಿ ಹೇಳಿದಳು. ಎಂಟರಲ್ಲಿ ಏಳು ಸರಿಯಾದವು.

“ಒಂದು ತಪ್ಪಾತಲ್ಲ” ಎಂದು ಇಂದುಮತಿ ಬೇಸರಪಟ್ಟುಕೊಂಡಳು.

ಆ ಸಂಜೆ ಬಸ್ಸಿನಲ್ಲಿ ಇಂದುಮತಿಗೆ ಮೊದಲ ಸಲ ತನ್ನ ಮೇಲೇ ಅಸಹ್ಯ ಬಂತು. ಡಬ್ಬಿಗೆ ಕಣ್ಣಿರಲಿಲ್ಲ, ನಾಡಗೌಡರಿಗೆ ಬಿಡುವಿರಲಿಲ್ಲ. ಅವಳಿಗೆ ಎರಡೂ ಇದ್ದವು. ಆದರೂ ಮೂರು ವರ್ಷ ಒಂದೊಂದೇ ಬಿಲ್ಲೆಯನ್ನು ತೊಟ್ಟಿಗೆ ಹಾಕಿದ ಕೈ ಅವಳದೇ. ಗಂಡನ ನಂಬರು ಬರುವ ತನಕ ಒಂದನ್ನೂ ಉಳಿಸಿರಲಿಲ್ಲ. ಕಿಟಕಿಯ ಗಾಜಿನಲ್ಲಿ ಕಂಡ ತನ್ನ ಮುಖದಿಂದ ಅವಳು ಕಣ್ಣು ತಿರುಗಿಸಿಕೊಂಡಳು.

ನಾಡಗೌಡರು ಸಭೆ ಕರೆದದ್ದು ಮುಂದಿನ ಸೋಮವಾರ. ಹದಿನೈದು ದಿನದಲ್ಲಿ ನಿರ್ಣಾಯಕವನ್ನು ಇನ್ನೂ ನಾಲ್ಕು ರಾಜ್ಯಗಳಲ್ಲಿ ಉದ್ಘಾಟಿಸುವುದಿತ್ತು. ಅವರ ಮೇಜಿನ ಮೇಲೆ ಆಮಂತ್ರಣ ಪತ್ರಿಕೆಗಳ ಕಟ್ಟಿತ್ತು. ತಸ್ನೀಮ್ ಹೇಳಿದ್ದನ್ನೆಲ್ಲ ಅವರು ನಗುಮುಖದಿಂದ ಕೇಳಿದರು. ಆ ನಗು ಇಂದುಮತಿಗೆ ಗೊತ್ತಿತ್ತು. ಹಾರ ಹಾಕಿಸಿಕೊಳ್ಳುವಾಗಲೂ ಅದೇ ನಗು.

“ಎಂಟು ಜನ ತಿರುಗಿ ಬಂದಿದ್ದಾರೆ ಅಂತಲೇ ಇಟ್ಟುಕೊಳ್ಳೋಣ ಡಾಕ್ಟರ್,” ಎಂದರು. “ನಾಲ್ಕೂವರೆ ಸಾವಿರದಲ್ಲಿ ಎಂಟು. ವಿಜ್ಞಾನ ಅಂದರೆ ಪ್ರಮಾಣದ ಪ್ರಜ್ಞೆ.” ಆಮೇಲೆ ಇಂದುಮತಿಯ ಕಡೆ ತಿರುಗಿದರು. “ಇಂದುಮತಿಯವರೇ, ನಾಶ ಮಾಡಬೇಕಾದ ಬಿಲ್ಲೆಯನ್ನ ನೀವು ಬಚ್ಚಿಟ್ಟಿದ್ದೀರಿ. ಅದು ಅಪರಾಧ ಅಂತ ಗೊತ್ತಾ? ನಿಮ್ಮ ಓದೆಷ್ಟು?”

“ಬಿಎಸ್ಸಿ ಎರಡನೇ ವರ್ಷಕ್ಕ ಬಿಟ್ಟೇನ್ರಿ. ಆಮ್ಯಾಲೆ ಲ್ಯಾಬ್ ಡಿಪ್ಲೊಮಾ.”

“ಕಾಂಡಕೋಶದ ಬಗ್ಗೆ ಏನು ಓದಿದ್ದೀರಿ?”

“ಓದಿಲ್ರಿ. ಉಣಿಸೇನಿ.”

ಯಾರೋ ಕಿಸಕ್ಕೆಂದರು. ನಾಡಗೌಡರ ನಗು ಹೋಯಿತು. “ನಾಳೆಯಿಂದ ನೀವು ಬರಬೇಕಾಗಿಲ್ಲ. ವಿಚಾರಣೆ ಮುಗಿಯುವ ತನಕ ಅಮಾನತು. ಆ ಬಿಲ್ಲೆಯನ್ನ ಶುಕ್ರವಾರದೊಳಗೆ ನಾಶ ಮಾಡಿ ನನಗೆ ವರದಿ ಕೊಡಿ ಡಾಕ್ಟರ್.”

ಇಂದುಮತಿ ಎದ್ದಳು. ಕೋಟು ಬಿಚ್ಚಿ, ಮಡಚಿ, ಆಮಂತ್ರಣ ಪತ್ರಿಕೆಗಳ ಕಟ್ಟಿನ ಮೇಲಿಟ್ಟಳು. “ಸರ್, ಆ ಡಬ್ಬಿಗೆ ನೀವು ಸುಳ್ಳ ಹೇಳಾಕ ಕಲಿಸೀರಿ. ಅದರ ಪಾಡು ಅದಕ್ಕಿರ್ಲಿ, ಅದಕ್ಕೇನ ನಾಚಿಕಿ ಐತೇನು?” ಎಂದು ಹೊರಬಂದಳು.

ಹಗಲು ಹನ್ನೆರಡಕ್ಕೆ ಹೆಂಡತಿ ಮನೆಗೆ ಬಂದದ್ದು ಕಂಡು ಮೌನೇಶ ಕೈಯಲ್ಲಿದ್ದ ಉಜ್ಜುಗೊರಡು ಕೆಳಗಿಟ್ಟ.

“ಏನಾತು?”

ಅವಳು ಹೇಳಿದಳು. ಸುತ್ತಿ ಬಳಸಲಿಲ್ಲ. ಏಳು ಈಗ ಮುನ್ನೂರಾಗಿವೆ, ಔಷಧ ಅವಕ್ಕೆ ನಾಟುವುದಿಲ್ಲ, ಇದನ್ನು ಹೇಳಿದ್ದಕ್ಕೆ ತನ್ನನ್ನು ಹೊರಗಿಟ್ಟಿದ್ದಾರೆ, ಶುಕ್ರವಾರದೊಳಗೆ ಬಿಲ್ಲೆಯನ್ನು ಆಸಿಡ್‌ನಲ್ಲಿ ಸುಡುತ್ತಾರೆ. ಮೌನೇಶ ನಗುತ್ತಾನೆಂದು ಅವಳು ಮೈ ಬಿಗಿಹಿಡಿದು ಕೂತಿದ್ದಳು. ಅವನು ನಗಲಿಲ್ಲ. ಗುಳಿಗೆಯ ಪಟ್ಟಿ ಹಲಗೆಯ ಮೇಲಿತ್ತು. ಅದನ್ನೊಮ್ಮೆ ನೋಡಿದ.

“ನೌಕರಿ ಹೋಗತೈತಿ ಅಂತ ಗೊತ್ತಿದ್ದೂ ಹೇಳಿದೇನು?”

“ಹೂಂ.”

“ಹಂಗಾದರ ಖರೇನ ಇರಬೇಕು.” ಅಂಗಿಯ ಮೇಲಿನ ಹೊಟ್ಟು ಕೊಡವಿ, “ನನಗ ತೋರಸು” ಎಂದ.

ತಸ್ನೀಮ್ ಮರುದಿನ ಮಧ್ಯಾಹ್ನ ಅವರಿಬ್ಬರನ್ನೂ ಸಂದರ್ಶಕರ ಚೀಟಿಯ ಮೇಲೆ ಒಳಗೆ ಕರೆದುಕೊಂಡಳು. ಇಪ್ಪತ್ತೇಳು ವರ್ಷದಲ್ಲಿ ಮೌನೇಶ ಹೆಂಡತಿ ಕೆಲಸ ಮಾಡುವ ಜಾಗ ನೋಡಿದ್ದು ಅದೇ ಮೊದಲು. ಬಿಲ್ಲೆ ತೊಳೆಯುವ ತೊಟ್ಟಿ ಎಲ್ಲಿ ಎಂದು ಕಣ್ಣಾಡಿಸಿದ. ಕಂಡದ್ದು ಸಾಲು ಸಾಲು ಉಪಕರಣ, ಪ್ರತಿಯೊಂದರ ಮೇಲೂ ಅವಳ ಅಕ್ಷರದಲ್ಲಿ ಬರೆದ ಚೀಟಿ. ಇಂದುಮತಿ ಬಿಲ್ಲೆ ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟು, ಎರಡು ಬೆರಳಿನಿಂದ ತಿರುಪು ಹೊಂದಿಸಿದಳು. ಅವನು ಆ ಬೆರಳುಗಳನ್ನೇ ನೋಡುತ್ತಿದ್ದ. ಬೇರೆ ಏನೂ ತಿಳಿಯದಿದ್ದರೂ ಕೈಚಳಕ ತಿಳಿಯುತ್ತಿತ್ತು ಅವನಿಗೆ.

“ಬರ್ರಿ. ಒಂದ ಕಣ್ಣ ಮುಚ್ಚಿ ನೋಡ್ರಿ.”

ಅವನು ಬಗ್ಗಿದ. ಬೂದುಬಣ್ಣದ ಬಯಲು, ಅದರ ನಡುವೆ ಹೊಳೆಯುವ ಗೊಂಚಲು. ಗೊಂಚಲಿನ ಅಂಚಿನಲ್ಲಿ ಒಂದು ಕೋಶ ನಡುವೆ ಸಪೂರವಾಗುತ್ತಿತ್ತು. ಬಹಳ ಹೊತ್ತು ಕಣ್ಣು ತೆಗೆಯದೆ ನೋಡಿದ. ಅದು ಎರಡಾಯಿತು.

ತಲೆಯೆತ್ತಿದಾಗ ಅವನ ಮುಖದಲ್ಲಿ ಹೆದರಿಕೆ ಇತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ತಿರಸ್ಕಾರ ಇತ್ತು. “ಇಷ್ಟ ಸಣ್ಣ ಹಲ್ಕಾ ವಸ್ತು!” ಎಂದ. “ನನ್ನ ಒಳಗ ಕುಂತು ನನ್ನನ್ನ ಕಾಯಾಕತ್ತೈತಿ. ಅದನ್ನ ಕಂಡೂ ಕಾಣದಂಗ ಇರೋ ಮಂದಿ ಕೊಟ್ಟ ಕಾಗದಕ್ಕ ನಾನು ಚೌಕಟ್ಟ ಕೂಡಿಸಿ ಗ್ವಾಡಿಗೆ ಹಾಕೇನಿ.”

ಮನೆಗೆ ಬಂದವನೇ ಅವನು ಟ್ರಂಕು ತೆಗೆದು, ಬಯಾಪ್ಸಿಗೆ ಮೊದಲು ಸಹಿ ಹಾಕಿದ್ದ ಒಪ್ಪಿಗೆ ಪತ್ರ ಹುಡುಕಿದ. ಕಾಗದ ಎಂದರೆ ಕೊನೆಯ ಅಕ್ಷರದವರೆಗೆ ಓದುವ ಚಟ ಅವನದು. ಹನ್ನೊಂದನೆಯ ಕಲಮಿಗೆ ಬಂದಾಗ ಗಟ್ಟಿಯಾಗಿ ಓದಿದ. “‘ತನ್ನ ದೇಹದಿಂದ ತೆಗೆದ ಅಂಗಾಂಶವನ್ನು ರೋಗಿ ಯಾವಾಗ ಬೇಕಾದರೂ ನೋಡಬಹುದು ಮತ್ತು ಹಿಂದಕ್ಕೆ ಕೇಳಬಹುದು. ಕೇಳಿದ ಮೇಲೆ ಅದನ್ನು ನಾಶಪಡಿಸುವಂತಿಲ್ಲ.’ ಇದನ್ನ ಬರದವ್ರು ಯಾರು?”

“ಯಾರೋ ವಕೀಲರು ಬರದಿರಬೇಕು. ನಾಡಗೌಡರು ಓದಿರಂಗಿಲ್ಲ.”

“ಬೇಷಾತು.”

ಗುರುವಾರ ಬೆಳಿಗ್ಗೆ ಹತ್ತಕ್ಕೆ ಮೌನೇಶ ಬಡಿಗೇರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಿರ್ದೇಶಕರ ಕೊಠಡಿಯಲ್ಲಿ ನಿಂತ. ಜೊತೆಗೆ ಇಂದುಮತಿ. ಬಾಗಿಲಾಚೆ ಕಾರಿಡಾರಿನಲ್ಲಿ ಶೂನ್ಯ ಬಳಗದ ಹತ್ತೊಂಬತ್ತು ಮಂದಿ. ಹಿಂದಿನ ದಿನ ಉದ್ಯಾನದಲ್ಲಿ ಅವರನ್ನು ಸೇರಿಸಿ, ತಾನು ಕಂಡದ್ದನ್ನು ಮೌನೇಶ ಹೇಳಿದ್ದ. ಕೆಲವರು ಬೈದಿದ್ದರು, ಒಬ್ಬ ಅತ್ತಿದ್ದ. ಕೊನೆಗೆ ಇಷ್ಟು ಮಂದಿ ಬಂದಿದ್ದರು. ಅವರನ್ನು ಕೈಲಾಗದ ಮುದುಕರೆಂದು ಎಣಿಸಿದ್ದ ಇಂದುಮತಿ ಅವತ್ತು ಅವರ ಕಡೆ ನೇರವಾಗಿ ನೋಡಲಾಗದೆ ಗೋಡೆ ನೋಡುತ್ತಿದ್ದಳು.

“ನಂದು ನನಗ ಕೊಡ್ರಿ,” ಎಂದ ಮೌನೇಶ, ಅರ್ಜಿಯನ್ನು ಮೇಜಿನ ಮೇಲಿಟ್ಟು.

“ಏನು?”

“4502. ನನ್ನ ಕೋಶ. ಸುಡೂ ಹಂಗಿಲ್ಲ. ನಿಮ್ಮ ಕಾಗದದಾಗ ನೀವ ಬರದೀರಿ.”

ನಾಡಗೌಡರು ಕಲಮು ಓದಿದರು. ಮತ್ತೊಮ್ಮೆ ಓದಿದರು. “ನೋಡಿ ಹಿರಿಯರೇ, ನಿಮ್ಮ ಮನೆಯವರು ನಿಮ್ಮನ್ನ ಸುಮ್ಮನೆ ಗಾಬರಿ ಮಾಡಿದ್ದಾರೆ. ಅದನ್ನ ತೆಗೆದುಕೊಂಡು ನೀವೇನು ಮಾಡ್ತೀರಿ?”

“ನಾನು ಮರಗೆಲಸದವ್ರಿ. ಒಳಗ ಹುಳ ಇದ್ದ ಕಟ್ಟಿಗಿಗೆ ಮ್ಯಾಲೆ ಬಣ್ಣ ಬಳದು ಕೊಟ್ಟರ ಗಿರಾಕಿ ನನ್ನ ಮುಖಕ್ಕ ಉಗೀತಾನ. ನಿಮಗ ಇಷ್ಟ ವರ್ಷ ಯಾರೂ ಉಗಳಿಲ್ಲ, ಅದಕ್ಕ ನಿಮಗ ಗೊತ್ತಾಗಿಲ್ಲ.” ಬಾಗಿಲ ಕಡೆ ಕೈ ತೋರಿಸಿದ. “ಹೊರಗ ಇನ್ನೂ ಹತ್ತೊಂಬತ್ತು ಅರ್ಜಿ ಅದಾವ. ಅವರ ಬಿಲ್ಲಿ ನೀವು ಸುಟ್ಟೀರಿ. ಶೀತಕದಾಗ ಅವರ ಚೂರು ಅದಾವಂತ, ಅವನ್ನ ಮತ್ತ ಬೆಳಸ್ರಿ. ಈ ಸಲ ಇಪ್ಪತ್ತೊಂದ ದಿನ ಸಾಲಂಗಿಲ್ಲ, ಅರವತ್ತ ದಿನ ಇಡ್ರಿ. ಇಡಂಗಿಲ್ಲ ಅಂದ್ರ ನಿಮ್ಮ ಉದ್ಘಾಟನಾಕ್ಕ ನಾವೂ ಬರ್ತೇವಿ. ಶಾಲು ತರ್ತೇವಿ.”

ನಾಡಗೌಡರು ಇಂದುಮತಿಯ ಕಡೆ ನೋಡಿದರು. ಬಹುಶಃ ಅವಳು ಬೇಡಿಕೊಳ್ಳಲಿ, ತಾನು ಉದಾರನಾಗಬಹುದು ಎಂದುಕೊಂಡರೇನೋ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ನಾಡಗೌಡರು ಪೆನ್ನು ತೆಗೆದು ಅರ್ಜಿಗೆ ಒಪ್ಪಿಗೆಯ ಸಹಿ ಹಾಕಿದರು.

ಅರವತ್ತು ದಿನ ಬಿಟ್ಟು ಎಣಿಸಿದಾಗ ಇಪ್ಪತ್ತರಲ್ಲಿ ಹದಿನಾಲ್ಕು ಬಿಲ್ಲೆಗಳು ಮತ್ತೆ ಚಿಗುರಿದ್ದವು. ನಾಲ್ಕು ರಾಜ್ಯದ ಉದ್ಘಾಟನೆ ಅದಕ್ಕೂ ಮೊದಲೇ ‘ತಾಂತ್ರಿಕ ಕಾರಣಗಳಿಂದ’ ಮುಂದಕ್ಕೆ ಹೋಗಿತ್ತು. ಇಂದುಮತಿಯ ಅಮಾನತು ರದ್ದಾದ ಪತ್ರದಲ್ಲಿ ವಿಷಾದದ ಒಂದು ಪದವೂ ಇರಲಿಲ್ಲ. ಅವಳು ಅದನ್ನು ಓದಿ, ಮಡಚಿ, ಕುಂಟುತ್ತಿದ್ದ ಮೇಜಿನ ಕಾಲಿನಡಿ ಇಟ್ಟಳು.

ಮುಂದಿನ ಒಂದೂವರೆ ವರ್ಷ ತಸ್ನೀಮ್ ಮತ್ತು ಅವಳು ಆ ಹದಿನಾಲ್ಕು ಬಿಲ್ಲೆಗಳ ಮೇಲೆ ಕೆಲಸ ಮಾಡಿದರು. ಮಲಗಿದ ಕಾಂಡಕೋಶಗಳನ್ನು ಮೊದಲು ಎಬ್ಬಿಸುವ ಒಂದು ಔಷಧ, ಎದ್ದು ಕಣ್ಣು ಬಿಡುವಷ್ಟರಲ್ಲಿ ಅವನ್ನು ಹೊಡೆಯುವ ಇನ್ನೊಂದು. ಹದಿನಾಲ್ಕರಲ್ಲಿ ಒಂಬತ್ತು ಬಿಲ್ಲೆಗಳಲ್ಲಿ ಅದು ಫಲ ಕೊಟ್ಟಿತು. 4418 ನಂಬರಿನ ಮನುಷ್ಯ ಅಷ್ಟರೊಳಗೆ ತೀರಿಕೊಂಡಿದ್ದ. ಅವನ ಹೆಸರು ಕೊನೆಗೂ ಇಂದುಮತಿಗೆ ತಿಳಿಯಲಿಲ್ಲ. ಅವನ ಬಿಲ್ಲೆಯನ್ನು ತೊಟ್ಟಿಗೆ ಹಾಕುವ ದಿನ ಅವಳು ಮಧ್ಯಾಹ್ನ ಉಣ್ಣಲಿಲ್ಲ.

ಮೌನೇಶನಿಗೆ ಹೊಸ ಔಷಧ ಕೊಡಲು ಶುರುಮಾಡಿ ಈಗ ಮೂರನೆಯ ವರ್ಷ. ಕೂದಲು ಉದುರಿದೆ, ಕೈ ಸ್ವಲ್ಪ ನಡುಗುತ್ತದೆ, ಮಂಚ ಮಾಡುವುದು ಬಿಟ್ಟು ಮಣೆ ಮಾಡುತ್ತಾನೆ. ಗುಣವಾಯಿತೆಂದು ಯಾರೂ ಹೇಳುವುದಿಲ್ಲ. ಅವನೂ ಕೇಳುವುದಿಲ್ಲ. ಸಂಜೆ ಅವಳು ಬಂದ ಮೇಲೆ, “ಇವತ್ತು ಏನ ನೋಡಿದಿ?” ಎಂದು ಮಾತ್ರ ಕೇಳುತ್ತಾನೆ. ಅವಳು ಹೇಳುವ ತನಕ ಉಣ್ಣುವುದಿಲ್ಲ.

ಈ ವರ್ಷ ಕೇಂದ್ರದ ವಾರ್ಷಿಕ ವರದಿಯ ಕರಡು ಇಂದುಮತಿಯ ಮೇಜಿಗೆ ಬಂತು. ಬಿಲ್ಲೆಗಳ ನಂಬರು ಸರಿಯಿವೆಯೇ ಎಂದು ಅಚ್ಚಿಗೆ ಹೋಗುವ ಮುನ್ನ ಅವಳು ನೋಡಿ ಕೊಡಬೇಕಿತ್ತು. ಮುನ್ನುಡಿ ನಾಡಗೌಡರದು. ಅವರಿಗೆ ಆ ಸಂಶೋಧನೆಗೆ ದೊಡ್ಡ ಪ್ರಶಸ್ತಿ ಬಂದಿತ್ತು. ಎರಡನೆಯ ಪುಟದಲ್ಲಿ ಹೀಗೊಂದು ವಾಕ್ಯವಿತ್ತು: ‘ಔಷಧಕ್ಕೆ ಜಗ್ಗದ ಈ ಕಾಂಡಕೋಶಗಳು ಆಕಸ್ಮಿಕವಾಗಿ ನಮ್ಮ ಗಮನಕ್ಕೆ ಬಂದವು.’

ಇಂದುಮತಿ ಕೆಂಪು ಪೆನ್ನು ತೆಗೆದು ‘ಆಕಸ್ಮಿಕವಾಗಿ’ ಎಂಬ ಪದ ಹೊಡೆದುಹಾಕಿ, ಮೇಲೆ ದುಂಡಗಿನ ಅಕ್ಷರದಲ್ಲಿ ಬೇರೆ ನಾಲ್ಕು ಪದ ಬರೆದಳು. ನಂಬರುಗಳೆಲ್ಲ ಸರಿಯಿವೆ ಎಂದು ಕೊನೆಯ ಪುಟದಲ್ಲಿ ಸಹಿ ಮಾಡಿ ಕಳಿಸಿದಳು. ನಾಡಗೌಡರಿಗೆ ತಾವು ಬರೆದದ್ದನ್ನು ಮತ್ತೊಮ್ಮೆ ಓದುವ ಅಭ್ಯಾಸ ಇರಲಿಲ್ಲ. ತಿಂಗಳಾದ ಮೇಲೆ ಬಣ್ಣದ ರಟ್ಟಿನ ವರದಿ ಅಚ್ಚಾಗಿ ಬಂತು, ಮಂತ್ರಿಗಳಿಗೆ ಹೋಯಿತು, ಹೊರದೇಶದವರಿಗೂ ಹೋಯಿತು. ಎರಡನೆಯ ಪುಟದಲ್ಲಿ, ನಿರ್ದೇಶಕರ ನಗುಮುಖದ ಚಿತ್ರದ ಕೆಳಗೆ, ಆ ವಾಕ್ಯ ಹೀಗಿತ್ತು:

‘ಔಷಧಕ್ಕೆ ಜಗ್ಗದ ಈ ಕಾಂಡಕೋಶಗಳು ಮೂರು ವರ್ಷ ಹೇಳಿದ ಮೇಲೆ ನಮ್ಮ ಗಮನಕ್ಕೆ ಬಂದವು.’